ಹುಳದ ಮನೆಗೆ ಸೆಂಟು ಹಾಕಿಕೊಂಡು ಹೋದವಳು

ಪ್ರೀತಿಯ ಸೆಲ್ವಿ,

ಪ್ರೀತಿಯ ಎಂದು ಬರೆಯಲು ನಿನಗೇನು ಹಕ್ಕಿದೆ ಎಂದು ನೀನು ಕೇಳಬಹುದು. ಕೇಳು. ಒಂದೂವರೆ ವರ್ಷದಿಂದ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಫೋನ್ ಮಾಡಬಹುದಿತ್ತು, ನಂಬರ್ ಇದೆ. ಆದರೆ ಆ ಕಡೆಯಿಂದ ನೀನು "ಅಕ್ಕಾ" ಎಂದುಬಿಟ್ಟರೆ ನಾನು ಊಟ ಆಯ್ತಾ, ಅಮ್ಮ ಹೇಗಿದ್ದಾರೆ ಎಂದು ಏನೇನೋ ಮಾತಾಡಿ ಇಟ್ಟುಬಿಡುತ್ತೇನೆ. ನನ್ನ ಬಾಯಿ ನನಗೆ ಗೊತ್ತು. ಅದಕ್ಕೇ ಕಾಗದ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆವತ್ತು ರೇಷ್ಮೆ ಹುಳದ ಮನೆಗೆ ಸೆಂಟು ಹಾಕಿಕೊಂಡು ಹೋದವಳು ನೀನಲ್ಲ. ನಿನ್ನ ಗಂಡನ ಅಕ್ಕ, ಈ ಅರುಣಕುಮಾರಿ. ಇದು ನಿನಗೆ ಹೊಸ ಸುದ್ದಿಯಲ್ಲ ಅಂತಲೂ ಬಲ್ಲೆ. ಆದರೆ ಬರುವ ಭಾನುವಾರ ನಮ್ಮ ಚಿಕ್ಕಮುನಿಯಪ್ಪ ದೊಡ್ಡಪ್ಪ ಇಬ್ಬರು ಹಿರಿಯರನ್ನು ಕರೆದುಕೊಂಡು ಕೆಜಿಎಫ್‌ಗೆ, ನಿಮ್ಮ ಮನೆಗೆ ಬರುತ್ತಾರೆ. ಕೈಯಲ್ಲಿ ಮದುವೆಯ ಬಿಡುಗಡೆ ಪತ್ರ ಇರುತ್ತದೆ, ಅದಕ್ಕೆ ನಿನ್ನ ಸಹಿ ಬೇಕು. ನನ್ನ ತಮ್ಮ ಸುಧಾಕರನಿಗೆ ಬೇತಮಂಗಲದ ಕಡೆ ಬೇರೆ ಹೆಣ್ಣು ನೋಡಿ ಆಗಿದೆ. ಅವರು ಬರುವ ಮುಂಚೆ ಈ ಕಾಗದ ನಿನ್ನ ಕೈ ಸೇರಲಿ. ನಿನ್ನ ಅಮ್ಮನಿಗೂ ಓದಿ ಹೇಳು. ಅವರಿಗೆ ನಮ್ಮ ಹುಳದ ಕೆಲಸ ಗೊತ್ತಿಲ್ಲ, ಹಾಗಾಗಿ ನಿನಗೆ ಗೊತ್ತಿರುವುದನ್ನೂ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನೀನು ನಮ್ಮ ಮನೆಗೆ ಬಂದ ದಿನ ಹುಳ ಎರಡನೇ ಜ್ವರದಲ್ಲಿದ್ದವು. ಪೊರೆ ಬಿಡುವ ಮೊದಲು ಹುಳ ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನೆ ಕೂರುತ್ತವಲ್ಲ, ಅದಕ್ಕೆ ನಾವು ಜ್ವರ ಎನ್ನುವುದು. ಅಮ್ಮ ಆರತಿ ತಟ್ಟೆ ಹಿಡಿದುಕೊಂಡೇ ನಿನ್ನ ತಲೆಯ ಮಲ್ಲಿಗೆ ಬಿಚ್ಚಿಸಿದಳು. ಮದುವೆಯ ಹಾರಗಳು ಬಸ್‌ಸ್ಟಾಪಿನ ಹೊಂಗೆ ಮರದಲ್ಲೇ ನೇತಾಡಿಕೊಂಡು ಬಾಡಿದವು. "ಊವು ಮುಡಿಯಂಗಿಲ್ಲ, ಪೌಡ್ರು ಬಳ್ಕೊಳಂಗಿಲ್ಲ, ಊದ್‌ಬತ್ತಿ ಅಚ್ಚಂಗಿಲ್ಲ. ನಮ್ಮನೇಲಿ ದೇವ್ರಿಗೂ ವಾಸ್ನೆ ಇಲ್ಲ ಕಣಮ್ಮ, ಉಳ ತಡ್ಕಳಲ್ಲ" ಎಂದು ಬಾಗಿಲಲ್ಲೇ ಪಾಠ ಒಪ್ಪಿಸಿದಳು. ನೀನು ಒಳಗೆ ಬಂದು ನನ್ನ ಕಿವಿಯಲ್ಲಿ "ಹುಳಕ್ಕೆ ಮೂಗಿರುತ್ತಾ ಅಕ್ಕಾ" ಎಂದು ಕೇಳಿದೆ. ಎಷ್ಟೋ ವರ್ಷದ ಮೇಲೆ ಆ ಮನೆಯಲ್ಲಿ ನಾನು ಬಾಯ್ತುಂಬ ನಕ್ಕಿದ್ದು ಆವತ್ತೇ.

ನಿನ್ನ ಡಿಯೋ ಡಬ್ಬಿಯ ವಿಷಯದಲ್ಲಿ ನಾನು ನಿನ್ನನ್ನು ಕಡಿಮೆ ಆಡಿಕೊಳ್ಳಲಿಲ್ಲ. ನೀನು ಅದನ್ನು ಟವೆಲ್ಲಿನಲ್ಲಿ ಸುತ್ತಿ ಶೆಲ್ಫಿನ ಹಿಂದೆ ಇಡುತ್ತಿದ್ದೆ. ಅಮ್ಮನ ಮನೆಗೆ ಹೋಗುವಾಗ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ, ಹೊಂಗೆ ಮರದ ಕೆಳಗೆ ನಿಂತು, ಬಸ್ಸು ಬರುವ ಹೊತ್ತಿಗೆ ಎರಡು ಸಲ ಹೊಡೆದುಕೊಳ್ಳುತ್ತಿದ್ದೆ. ವಾಪಸ್ ಬಂದರೆ ತಲೆಗೆ ನೀರು ಹಾಕಿಕೊಳ್ಳದೆ ಹುಳದ ಮನೆಯ ಹೊಸಿಲು ತುಳಿದವಳಲ್ಲ. ಅಷ್ಟು ಶಿಸ್ತು ಆ ಮನೆಯಲ್ಲಿ ಹುಟ್ಟಿದ ನಮಗೇ ಇರಲಿಲ್ಲ. ಆದರೂ ನಾನು ಬಿಡುತ್ತಿರಲಿಲ್ಲ. ದುಡಿಯುವವರಿಗೆ ಬೆವರು ಬರುತ್ತದೆ, ಬೆವರಿಗೆ ವಾಸನೆ ಇರುತ್ತದೆ, ಅದಕ್ಕೊಂದು ಡಬ್ಬಿ ಯಾಕೆ ಬೇಕು, ಎಲ್ಲಾ ಟೀವಿಯವರು ಕಲಿಸಿದ ಶೋಕಿ ಎಂದು ದೊಡ್ಡ ಮನುಷ್ಯಳ ಹಾಗೆ ಹೇಳುತ್ತಿದ್ದೆ.

ನೀನು ಒಂದು ದಿನ ಸೊಪ್ಪು ಕೊಯ್ಯುತ್ತಾ, ಮದುವೆಗೆ ಮುಂಚಿನ ನಿನ್ನ ಕೆಲಸ ನೆನೆಸಿಕೊಂಡು ಉತ್ತರ ಕೊಟ್ಟೆ. ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ನಿಂತೇ ಇರಬೇಕು, ಗಿರಾಕಿಯ ಪಕ್ಕದಲ್ಲೇ ನಿಂತು ಸೀರೆ ಹೆಗಲ ಮೇಲೆ ಹಾಕಿ ತೋರಿಸಬೇಕು, ಗಣಿ ಲೈನಿನ ಮನೆಗೆ ಬಂದರೆ ಕೊಡದಲ್ಲಿ ಇರುವ ನೀರು ಅಡುಗೆಗೇ ಸಾಲದು. ನೀರಿಗೆ ನೀನು ತಣ್ಣಿ ಎಂದೇ ಅನ್ನುತ್ತಿದ್ದೆ. "ನಮ್ಮ ಲೈನಲ್ಲಿ ತಣ್ಣಿ ಬರೋದೇ ವಾರಕ್ಕೊಂದು ಸಲ ಅಕ್ಕಾ. ತಣ್ಣಿ ಇರೋರಿಗೆ ಇದು ಶೋಕಿ. ಇಲ್ದೋರಿಗೆ ಇದೇ ಸ್ನಾನ." ನಿನ್ನ ಮಾತು ಸರಿಯೆನ್ನಿಸಿತು. ಒಪ್ಪಿಕೊಂಡೆ ಎಂದು ಮಾತ್ರ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದರೆ, ಆ ಡಬ್ಬಿ ಬೇಕಾಗಿದ್ದದ್ದು ನನಗೆ. ನನ್ನನ್ನು ಮಾಲೂರಿನ ಕಡೆ ಕೊಟ್ಟಿದ್ದರು, ಎರಡು ವರ್ಷಕ್ಕೆ ವಾಪಸ್ ಬಂದೆ, ಅಷ್ಟು ನಿನಗೆ ಗೊತ್ತು. ಯಾಕೆ ಬಂದೆ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಮನುಷ್ಯ ಬಹಳ ನೆಪ ಹೇಳಿದ. ಅದರಲ್ಲಿ ಒಂದು ಮಾತ್ರ ನನ್ನೊಳಗೆ ಕೂತುಬಿಟ್ಟಿತು. ಮದುವೆಯಾಗಿ ವಾರಕ್ಕೇ ಗೋಡೆಯ ಕಡೆ ತಿರುಗಿ ಮಲಗಿ, "ನಿನ್ ಮೈಯೆಲ್ಲ ಉಳದ ವಾಸ್ನೆ" ಅಂದಿದ್ದ. ಅಲ್ಲಿ ಹುಳ ಇರಲಿಲ್ಲ, ಹುಳದ ಪಿಕ್ಕೆ ಇರಲಿಲ್ಲ. ದಿನಕ್ಕೆ ಎರಡು ಸಲ ಸೋಪು ಹಚ್ಚಿ ಉಜ್ಜಿದರೂ ಅವನ ಮೂಗಿನಿಂದ ಅದು ಹೋಗಲಿಲ್ಲ. ಆಮೇಲೆ ನನ್ನ ಮೂಗಿನಿಂದಲೂ ಹೋಗಲಿಲ್ಲ. ಇವತ್ತಿಗೂ ಬಂಗಾರಪೇಟೆ ಬಸ್ಸಿನಲ್ಲಿ ಪಕ್ಕದವಳು ಸೆರಗು ಮೂಗಿಗೆ ಒತ್ತಿಕೊಂಡರೆ, ಅವಳಿಗೆ ನೆಗಡಿಯಿದ್ದರೂ ನನಗಾಗಿಯೇ ಎನ್ನಿಸುತ್ತದೆ. ಇಂಥವಳು ನಿನಗೆ ಬೆವರಿನ ಬಗ್ಗೆ ಬುದ್ಧಿ ಹೇಳುತ್ತಿದ್ದೆ ನೋಡು.

ಒಂದು ಸಲ, ಬೆಳೆ ಮುಗಿದು ಹುಳದ ಮನೆ ಖಾಲಿಯಿದ್ದಾಗ, ಅದೇ ಹೊಂಗೆ ಮರದ ಕೆಳಗೆ ನೀನು ನನ್ನ ಕೈ ಎಳೆದು ಮಣಿಕಟ್ಟಿಗೆ ಒಂದು ಸಲ ಹೊಡೆದೆ. ಚಳುಕ್ ಎಂದಿತು. ಇಡೀ ದಿನ ಕಸ ಗುಡಿಸುವಾಗ, ಹಿಟ್ಟು ತೊಳಸುವಾಗ, ಯಾರೂ ನೋಡದಿದ್ದಾಗ ಮೂಸಿಕೊಂಡೆ. ಅದು ನಾನಲ್ಲ, ಬೇರೆ ಯಾರೋ ಚೆನ್ನಾಗಿರುವವಳು ಎನ್ನಿಸುತ್ತಿತ್ತು.

ಈಗ ಆ ದಿನದ ಮಾತು. ಬಂಗಾರಪೇಟೆಯಲ್ಲಿ ಸೋದರತ್ತೆಯ ಮನೆಗೆ ವಿಜಯಕುಮಾರ್ ಎನ್ನುವವರು ನನ್ನನ್ನು ನೋಡಲು ಬರುವವರಿದ್ದರು. ಹೆಂಡತಿ ತೀರಿಕೊಂಡವರು, ರೈಲ್ವೆಯಲ್ಲಿ ಕೆಲಸ. ನೀನು ಹಿಂದಿನ ದಿನವೇ ನಿನ್ನ ಅಮ್ಮನಿಗೆ ಹುಷಾರಿಲ್ಲವೆಂದು ಅವಸರದಲ್ಲಿ ಕೆಜಿಎಫ್‌ಗೆ ಹೋಗಿದ್ದೆ, ಡಬ್ಬಿ ಶೆಲ್ಫಿನಲ್ಲೇ ಉಳಿದಿತ್ತು. ನಾನು ತೋಟದಿಂದ ಸೊಪ್ಪಿನ ಹೊರೆ ಹೊತ್ತು ತಂದು ಇಳಿಸಿದಾಗ ಬಸ್ಸಿಗೆ ಹೊತ್ತಾಗಿತ್ತು. ಸ್ನಾನಕ್ಕೆ ಸಮಯವಿಲ್ಲ. ಸೀರೆ ಬದಲಾಯಿಸಿ, ಟವೆಲ್ ಬಿಚ್ಚಿ, ಎಷ್ಟು ಹೊಡೆದುಕೊಳ್ಳಬೇಕೆಂದು ತಿಳಿಯದೆ ಕಂಕುಳಿಗೆ, ಕುತ್ತಿಗೆಗೆ, ಸೆರಗಿಗೆ, ಕೆಮ್ಮು ಬರುವಷ್ಟು ಹೊಡೆದುಕೊಂಡೆ. ನೇರ ಬಸ್‌ಸ್ಟಾಪಿಗೆ ಹೋಗಬೇಕು ಅಂದುಕೊಂಡವಳೇ. ಅಷ್ಟರಲ್ಲಿ ಅಮ್ಮ ಹುಳದ ಮನೆಯಿಂದ ಕೂಗಿದಳು, "ಒಂದ್ ಕೈ ಸೊಪ್ಪು ಆಕ್ಬುಟ್ಟು ಓಗು." ಹುಳ ನಾಲ್ಕನೇ ಜ್ವರದಿಂದ ಎದ್ದು ಮೂರು ದಿನ, ಹಸಿವೋ ಹಸಿವು. ಬರುವುದಿಲ್ಲ ಎಂದರೆ ಯಾಕೆ ಎಂದು ಹೇಳಬೇಕು. ನಾಚಿಕೆಯಾಯಿತು. ಒಳಗೆ ಹೋಗಿ, ಇಪ್ಪತ್ತು ನಿಮಿಷ, ಎಲ್ಲಾ ತಟ್ಟೆಗಳಿಗೂ ಬಗ್ಗಿ ಬಗ್ಗಿ ಸೊಪ್ಪು ಹಾಕಿದೆ.

ವಿಜಯಕುಮಾರ್ ಒಳ್ಳೆಯವರ ಹಾಗೆ ಕಂಡರು. ಕಾಫಿ ಕುಡಿದರು, ಏನು ಓದಿದ್ದೀರಿ ಎಂದು ಕೇಳಿದರು, ಪಿಯುಸಿ ಎಂದೆ. ನನ್ನ ವಾಸನೆ ಅವರಿಗೆ ಬಂತೋ ಇಲ್ಲವೋ ಗೊತ್ತಿಲ್ಲ. ಆಗುವುದಿಲ್ಲ ಎಂದು ನಾಲ್ಕು ದಿನಕ್ಕೆ ಸೋದರತ್ತೆಗೆ ಹೇಳಿ ಕಳಿಸಿದರು.

ಅಷ್ಟರಲ್ಲಿ, ನಾನು ಬಂಗಾರಪೇಟೆಯಿಂದ ಬಂದ ಮಾರನೆಯ ದಿನವೇ, ಹುಳ ಸೊಪ್ಪು ಬಿಟ್ಟಿದ್ದವು. ತಲೆ ಅಲ್ಲಾಡಿಸುತ್ತಾ ಹಸಿರು ನೀರು ಕಾರಿಕೊಂಡು, ಕುಗ್ಗಿ, ತಟ್ಟೆಯಲ್ಲೇ ಮುದುಡಿದವು. ಇನ್ನು ನಾಲ್ಕೈದು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಾದ ಹುಳ. ಗುಂಡಿ ತೋಡಿ, ಸುಣ್ಣ ಎರಚಿ, ಬುಟ್ಟಿಬುಟ್ಟಿ ಸುರಿದೆವು. ಊರಿನಿಂದ ವಾಪಸ್ ಬಂದಿದ್ದ ನೀನೇ ಬುಟ್ಟಿಯ ಇನ್ನೊಂದು ಕಡೆ ಹಿಡಿದುಕೊಂಡಿದ್ದೆ. ರೇಷ್ಮೆ ಆಫೀಸಿನಿಂದ ಬಂದವರು ಇದು ಇಂಥದ್ದರಿಂದಲೇ ಎಂದು ಹೇಳುವುದಕ್ಕಾಗದು, ಪಕ್ಕದ ಟೊಮೇಟೊ ತೋಟದ ಔಷಧಿ ಗಾಳಿಗೆ ಸೊಪ್ಪಿನ ಮೇಲೆ ಬಂದಿರಬಹುದು ಎಂದರು. ಅದು ಯಾರಿಗೂ ರುಚಿಸಲಿಲ್ಲ. ಟೊಮೇಟೊ ತೋಟ ದೊಡ್ಡಪ್ಪನದು. ಸಂಜೆಯೊಳಗೆ ಅಮ್ಮ ನಿನ್ನ ಡಬ್ಬಿ ತಂದು ಜಗುಲಿಯ ಮೇಲೆ ಇಟ್ಟಳು.

ಆ ಸಂಜೆ ಜಗುಲಿಯಲ್ಲಿ ಸೇರಿದ ಪಂಚಾಯ್ತಿ ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಚಿಕ್ಕಮುನಿಯಪ್ಪ ದೊಡ್ಡಪ್ಪ ಕೈಯಲ್ಲಿ ಬೀಡಿ ಹಿಡಿದುಕೊಂಡು, "ನಮ್ ಕಾಲ್ದಾಗೆ ಬೆವ್ರು ಇರ್ಲಿಲ್ವಾ? ಇದಿಲ್ದೆ ನಾವೇನ್ ಸತ್ತೋದ್ವಾ?" ಎಂದು ಕೇಳಿದರು. ಬೀಡಿಯ ಹೊಗೆಯೂ ಹುಳಕ್ಕೆ ಆಗದು ಎಂದು ಅಲ್ಲಿದ್ದ ಒಬ್ಬರಿಗೂ ನೆನಪಾಗಲಿಲ್ಲ. ಆವತ್ತು ನಾನು ಊರಲ್ಲೇ ಇರಲಿಲ್ಲ ಎಂದು ನೀನು ಹೇಳಿದೆ. ಹೋಗುವ ಮುಂಚೆ ಹೊಡೆದುಕೊಂಡಿರುತ್ತಾಳೆ, ಮನೆಯೆಲ್ಲ ಹಿಡಿದಿರುತ್ತದೆ ಎಂದರು. ನೀನು ಡಬ್ಬಿ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದೆ. ಮುಕ್ಕಾಲು ಇದ್ದದ್ದು ಅರ್ಧ ಆಗಿತ್ತು. ತಲೆಯೆತ್ತಿ ನನ್ನನ್ನು ನೋಡಿದೆ. ನಾನು ಕಂಬ ಹಿಡಿದುಕೊಂಡು ನಿಂತಿದ್ದೆ. ನೀನು ಡಬ್ಬಿಯನ್ನು ಮೆತ್ತಗೆ ಕೆಳಗಿಟ್ಟೆ. ಹೇಳಲಿಲ್ಲ. ನನಗಾಗಿ ಬಾಯಿ ಕಟ್ಟಿಕೊಂಡೆಯೋ, ಹೇಳಿದರೂ ನಂಬುವವರಿಲ್ಲ ಎಂದೋ, ನನಗೆ ಕೇಳುವ ಧೈರ್ಯ ಇಲ್ಲ.

ಸುಧಾಕರ ಒಂದು ವಾರ ಅಮ್ಮನ ಮನೆಯಲ್ಲಿರು, ಬಂದು ಕರ್ಕೊಂಡು ಬತ್ತೀನಿ ಅಂದ. ಆ ವಾರ ಇನ್ನೂ ಮುಗಿದಿಲ್ಲ. ನಾನು ನಾರುತ್ತೇನೆಂದು ವಾಪಸ್ ಬಂದವಳು, ನೀನು ಘಮ್ಮೆನ್ನುತ್ತೀಯೆಂದು ವಾಪಸ್ ಹೋದವಳು. ಬಿಟ್ಟವರ ಮೂಗಿನ ಬಗ್ಗೆ ಮಾತ್ರ ಯಾರೂ ಪಂಚಾಯ್ತಿ ಸೇರಿಸಲಿಲ್ಲ. ಹೋದ ಕಾರ್ತಿಕದಲ್ಲಿ ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ನಿನ್ನನ್ನು ನೋಡಿದೆ. ನೀನು ಮಾರಿಕುಪ್ಪಂ ರೈಲಿನ ಬಾಗಿಲ ಹತ್ತಿರ ನೀಲಿ ಯೂನಿಫಾರ್ಮಿನಲ್ಲಿ ನಿಂತಿದ್ದೆ, ಬೆಂಗಳೂರಿನಲ್ಲಿ ಹೌಸ್‌ಕೀಪಿಂಗ್ ಕೆಲಸ ಎಂದು ಆಮೇಲೆ ತಿಳಿಯಿತು. ಕೂಗಬೇಕೆಂದು ಬಾಯಿ ತೆರೆದೆ. ರೈಲು ಹೊರಟಿತು ಎಂದು ಬರೆಯಬಹುದು, ಸುಳ್ಳಾಗುತ್ತದೆ. ರೈಲು ಇನ್ನೂ ಐದು ನಿಮಿಷ ನಿಂತಿತ್ತು.

ಮೊನ್ನೆ ಬಿಡುಗಡೆ ಪತ್ರ ಬರೆಯಬೇಕಾಯಿತು. ಅರುಣನ ಅಕ್ಷರ ದುಂಡಗಿದೆ, ಅವಳೇ ಬರೆಯಲಿ ಎಂದರು ದೊಡ್ಡಪ್ಪ. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. "ಎಷ್ಟು ಹೇಳಿದರೂ ಕೇಳದೆ ಸೆಂಟು ಹಾಕಿಕೊಂಡು ಹುಳದ ಮನೆಗೆ ಹೋಗಿ ಬೆಳೆ ಹಾಳು ಮಾಡಿದ್ದು ನನ್ನದೇ ತಪ್ಪು" ಎಂದು ನೀನೇ ಒಪ್ಪಿಕೊಂಡ ಹಾಗೆ ಒಂದು ಸಾಲು. ಅದನ್ನೂ ಬರೆದೆ. ಒಂದು ಒತ್ತಕ್ಷರವೂ ತಪ್ಪಲಿಲ್ಲ. ಅದನ್ನು ನೋಡಿ ನನಗೇ ನನ್ನ ಮೇಲೆ ಹೇಸಿಗೆಯಾಯಿತು.

ಮಾರನೆಯ ದಿನ ಅಮ್ಮನೂ ನಾನೂ ಬಾವಿಯ ಹತ್ತಿರ ಬ್ಲೀಚಿಂಗ್ ಪುಡಿ ಹಾಕಿ ಹುಳದ ತಟ್ಟೆಗಳನ್ನು ತೊಳೆಯುತ್ತಿದ್ದೆವು. ಹೇಳಿಬಿಟ್ಟೆ. ಅಮ್ಮಾ, ಆವತ್ತು ಸೆಂಟು ಹಾಕಿಕೊಂಡಿದ್ದು ನಾನು ಎಂದೆ. ಅಮ್ಮ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಗೊತ್ತು. ನೀನು ಸೊಪ್ಪು ಆಕಕ್ಕೆ ಬಗ್ದಾಗ್ಲೇ ಮೂಗಿಗೆ ಒಡೀತು. ಗಂಡು ನೋಡಕ್ಕೆ ಓಗ್ತಿದ್ದೆ, ಈಚೆ ಓಗು ಅನ್ನಕ್ಕೆ ಬಾಯಿ ಬರ್ಲಿಲ್ಲ."

ಮತ್ತೆ ಅವಳ ಮೇಲೆ ಯಾಕಮ್ಮ ಹಾಕಿದೆ ಎಂದು ಕೇಳಿದೆ.

"ಅವ್ಳಿಗೆ ಓಗಕ್ಕೆ ಅವ್ವನ ಮನೆ ಐತೆ. ನೀನು ಅವ್ವನ ಮನೆಗೇ ಬಂದಿರೋಳು. ನಿನ್ನ ಇಲ್ಲಿಂದ ಎಲ್ಲಿಗ್ ಕಳಿಸ್ಲಿ?"

ಅಷ್ಟು ಹೇಳಿ ಇನ್ನೊಂದು ತಟ್ಟೆ ತೆಗೆದುಕೊಂಡಳು. ನಾನು ಅವಳನ್ನು ಬೈಯಬೇಕಿತ್ತು, ಆಗಲಿಲ್ಲ. ಕಟ್ಟೆಯ ಮೇಲೆ ಕೂತು ಅತ್ತೆ. ಸುಧಾಕರನಿಗೂ ಹೇಳಿದೆ. ಅವನು ಬೈಕ್ ಹತ್ತಿ ಕೂತ. "ಈಗ ಏಳಿ ಏನಕ್ಕ ಮಾಡೋದು, ಆ ಕಡೆಯೋರಿಗೆ ಮಾತು ಕೊಟ್ಟಾಗೈತೆ" ಅಂದ. ಹಾಗಾಗಿ ವಾಪಸ್ ಬಾ ಎಂದು ನಾನು ಬರೆಯುತ್ತಿಲ್ಲ ಸೆಲ್ವಿ. ಕರೆಯುವುದಕ್ಕೆ ಇಲ್ಲಿ ಏನೂ ಉಳಿದಿಲ್ಲ.

ಪತ್ರಕ್ಕೆ ಸಹಿ ಹಾಕುವುದು ಬಿಡುವುದು ನಿನ್ನ ಇಷ್ಟ. ಆ ಒಂದು ಸಾಲಿಗೆ ಮಾತ್ರ ಹಾಕಬೇಡ. ಭಾನುವಾರ ಅವರು ಬಂದು ಕೂತಾಗ, ನೀರು ಕೊಡು, ಆಮೇಲೆ ಆ ಪತ್ರದ ಪಕ್ಕದಲ್ಲಿ ಈ ಕಾಗದ ಇಡು. ದೊಡ್ಡಪ್ಪನಿಗೆ ಕನ್ನಡಕ ಇದೆ, ಓದಲಿ. ಇದು ಯಾರೋ ನಿನ್ನ ಪರವಾಗಿ ಕಟ್ಟಿ ಬರೆದದ್ದು ಎನ್ನುತ್ತಾರೆ, ಅಂದೇ ಅನ್ನುತ್ತಾರೆ. ಆಗ ಎರಡರ ಅಕ್ಷರವನ್ನೂ ಹೋಲಿಸಿ ನೋಡಿ ಅನ್ನು. ಆಮೇಲೆ ನನ್ನನ್ನು ಈ ಮನೆಯಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ, ಅದು ನನ್ನ ಪಾಡು.

ನಿನ್ನ ಡಬ್ಬಿ ನನ್ನ ಹತ್ತಿರವೇ ಇದೆ. ಆವತ್ತಿನಿಂದ ಒತ್ತಿಲ್ಲ, ಆಗಾಗ ಅಲ್ಲಾಡಿಸಿ ನೋಡುತ್ತೇನೆ. ನಿಮ್ಮ ಲೈನಿಗೆ ದಿನ ಬಿಟ್ಟು ದಿನವಾದರೂ ತಣ್ಣಿ ಬರಲಿ. ನೀನು ಬೆವರಿದರೂ ಘಮ್ಮೆಂದರೂ ಮೂಸಿ ನೋಡದವರ ನಡುವೆ ನಿನ್ನ ಬದುಕು ನಡೆಯಲಿ. ಇನ್ನು ಅಕ್ಕ ಅನ್ನಬೇಡ, ಬೇರೆ ಏನಾದರೂ ಅನ್ನು.

ಎರಡೂ ಕಾಗದ ಬರೆದ ಕೈ,
ಅರುಣಕುಮಾರಿ
ಕ್ಯಾಸಂಬಳ್ಳಿ ಹೋಬಳಿ