ಮಣಿಕಟ್ಟಿನ ಸೂಜಿ

ಸೋಮವಾರ ಸಂಜೆ
ಅಕ್ಯುಪಂಕ್ಚರ್ ಚಿಕಿತ್ಸಾ ಕೋಣೆಯಿಂದ

ಒಂದು ಕಾಲದ ನನ್ನ ಯಜಮಾನರಿಗೆ,

ಕ್ಷೇಮ ಕೇಳುವುದಿಲ್ಲ, ನಿನ್ನ ಕ್ಷೇಮ ನನಗೆ ಬೇಕಿಲ್ಲ. ಹಿಂದೆ ‘ನೀವು’ ಎನ್ನುತ್ತಿದ್ದೆ. ಮದುವೆಯ ಜೊತೆಗೆ ಅದೂ ಮುರಿಯಿತು ಅಂದುಕೋ.

ನಿನ್ನೆ ಫೋನಿನಲ್ಲಿ ನೀನು ಕೂಗಾಡಿದೆ. “ನನ್ನ ಹೆಂಡತೀನ ಮುಟ್ಟಬೇಡ, ಇಲ್ಲಾಂದ್ರೆ ನೀನು ಏನು ಮಾಡ್ಕೊಂಡೆ ಅಂತ ಅವಳಿಗೆ ಹೇಳಿಬಿಡ್ತೀನಿ” ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಅನ್ನುವ ಮೊದಲೇ ನೀನು ಹೆಗಲು ಒರೆಸಿಕೊಳ್ಳುತ್ತಿದ್ದೀಯ. ನನ್ನ ಉತ್ತರ ಇಷ್ಟೇ: ಮುಟ್ಟುತ್ತೇನೆ.

ಅವಳನ್ನು ನಾನೇನೂ ಹುಡುಕಿಕೊಂಡು ಹೋಗಲಿಲ್ಲ. ಹೆರಿಗೆ ಡಾಕ್ಟರಮ್ಮ ಕಳಿಸಿದರು. ನೀರು ಕುಡಿದರೂ ವಾಂತಿ, ಸೊಂಟನೋವು, ನಿದ್ದೆಯಿಲ್ಲ. ಚೀಟಿಯಲ್ಲಿ ಗಂಡನ ಹೆಸರು ನಿನ್ನದಿತ್ತು. ಬಸುರಿಯರಿಗೆ ಸೂಜಿ ಹಾಕಬಾರದ ಜಾಗಗಳಿವೆ, ಕಾಲಿನ ಗಿಣ್ಣಿನ ಮೇಲೊಂದು, ಕೈಯ ಹೆಬ್ಬೆರಳ ಬುಡದಲ್ಲೊಂದು. ಅಲ್ಲಿ ಚುಚ್ಚಿದರೆ ಗರ್ಭ ಇಳಿಯಬಹುದು, ನಮಗೆ ಮೊದಲು ಕಲಿಸುವುದೇ ಅದನ್ನು. ಊದಿಕೊಂಡ ಅವಳ ಕಾಲು ನನ್ನ ಮುಂದೆ ಚಾಚಿತ್ತು. ನೋಡಿದೆ, ಸ್ವಲ್ಪ ಹೊತ್ತೇ ನೋಡಿದೆ. “ತುಂಬಾ ನೋಯುತ್ತಾ ಅಕ್ಕಾ?” ಎಂದು ಕೇಳಿದಳು. ಅವಳದೇನು ತಪ್ಪು? ಎಡಮಗ್ಗುಲಿಗೆ ಮಲಗಿಸಿ, ಮಂಡಿಗಳ ನಡುವೆ ದಿಂಬು ಕೊಟ್ಟು, ಮಣಿಕಟ್ಟಿನ ಒಳಬದಿಗೆ ಕೂದಲೆಳೆಯಂಥ ಸೂಜಿ ಇಟ್ಟೆ. ಗೊರಕೆ ಹೊಡೆದಳು. ನಿನ್ನದಕ್ಕಿಂತ ಎಷ್ಟೋ ಮೇಲು.

ಅದೇ ಮಣಿಕಟ್ಟು, ಅದೇ ಸೂಜಿ. ನಾನು ಬಸುರಿಯಾಗಿದ್ದಾಗ ವಾಂತಿ ತಡೆಯಲೆಂದು ನನಗೆ ನಾನೇ ಹಾಕಿಕೊಂಡಿದ್ದೆ. ಮರುದಿನವೇ ರಕ್ತ ಕಂಡಿತು, ಮಗು ಉಳಿಯಲಿಲ್ಲ. “ಸೂಜಿ ಚುಚ್ಚಿ ಚುಚ್ಚಿ ಮಗೂನೇ ಕೊಂದ್ಲು” ಎಂದು ನೀನು ನಿಮ್ಮಮ್ಮನಿಗೆ ಹೇಳಿದೆ, ಅವರು ಬೀದಿಗೆಲ್ಲ ಹೇಳಿದರು. ನನ್ನ ಕೈಯಿಂದ ನೀರು ಕುಡಿಯುವುದನ್ನೂ ಬಿಟ್ಟರು. ದುಃಖ ಏನೆಂದರೆ, ನಾನೂ ನಂಬಿದೆ. ಎಷ್ಟೋ ವರ್ಷ ಸೂಜಿಯ ಪೆಟ್ಟಿಗೆಯನ್ನು ತೆರೆಯಲೇ ಇಲ್ಲ.

ಹೋದ ವರ್ಷ, ಅಂದು ನನ್ನನ್ನೂ ನೋಡಿದ್ದ ಅದೇ ಡಾಕ್ಟರಮ್ಮ ಮಾತಿನ ನಡುವೆ ಅಂದರು, “ಮಗೂದು ಎದೆಬಡಿತ ನಿಂತು ಆಗ್ಲೇ ವಾರಗಳಾಗಿತ್ತಲ್ಲಮ್ಮ. ಸೂಜಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ನಿಮ್ಮ ಯಜಮಾನರಿಗೆ ಅವತ್ತೇ ಬಿಡಿಸಿ ಹೇಳಿದ್ದೆ.” ಬಿಡಿಸಿ ಹೇಳಿದ್ದರಂತೆ! ಗೊತ್ತಿದ್ದೂ ನೀನು ಮುಚ್ಚಿಟ್ಟೆ. ಇನ್ನೊಂದು ಮದುವೆಗೆ ನಿನಗೊಂದು ನೆಪ ಬೇಕಿತ್ತು. ಸತ್ತ ಮಗುವನ್ನೇ ನೆಪ ಮಾಡಿಕೊಂಡೆ. ಅಂದಿನಿಂದ ನಿನ್ನನ್ನು ಸುಡಬೇಕೆನ್ನುವಷ್ಟು ಸಿಟ್ಟು ನನಗೆ. ಇವತ್ತಿಗೂ ತಣಿದಿಲ್ಲ.

ಆದ್ದರಿಂದ ನನ್ನ ಸೇಡು ಕೇಳು. ನಿನ್ನ ಹೆಂಡತಿ ಹೊಟ್ಟೆತುಂಬ ಉಣ್ಣಬೇಕು, ಕಣ್ಣುತುಂಬ ನಿದ್ದೆ ಮಾಡಬೇಕು, ಮೈತುಂಬಿಕೊಳ್ಳಬೇಕು. ಅವಳ ತಟ್ಟೆ ಖಾಲಿಯಾದಾಗಲೆಲ್ಲ ನಿಮ್ಮಮ್ಮ ಸೂಜಿಯವಳ ಕೈಗುಣ ಹೊಗಳಬೇಕು, ಆ ಸೂಜಿಯವಳು ಯಾರೆಂದು ಬಲ್ಲ ನೀನೊಬ್ಬನೇ ತುತ್ತು ನುಂಗಲಾರದೆ ಕೂತಿರಬೇಕು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಭಾನುವಾರದೊಳಗೆ ಇಬ್ಬರನ್ನೂ ಕೂರಿಸಿಕೊಂಡು ನಿನ್ನ ಬಾಯಿಂದಲೇ ನಿಜ ಹೇಳು. ಇಲ್ಲವಾದರೆ ಡಾಕ್ಟರಮ್ಮನ ಜೊತೆ ನಾನೇ ನಿಮ್ಮ ಮನೆಗೆ ಬರುತ್ತೇನೆ.

ಇಂತಿ,
ಯಾರ ಮಗುವನ್ನೂ ಕೊಲ್ಲದ
ಸೂಜಿಯವಳು

ವಿ.ಸೂ.: ಭಾನುವಾರದವರೆಗೆ ನೀನು ಕಾಯಬೇಕಾಗಿಲ್ಲ. ಇಷ್ಟು ಬರೆಯುವಷ್ಟರಲ್ಲಿ ನಿನ್ನ ಹೆಂಡತಿ ಬಂದಳು. ನನ್ನ ಕಣ್ಣು ನೋಡಿ ಏನಾಯಿತೆಂದು ಕೇಳಿದಳು, ಎಲ್ಲವನ್ನೂ ಹೇಳಿಬಿಟ್ಟೆ. ಅಳಲಿಲ್ಲ. ನನ್ನ ಕೈಯಿಂದಲೇ ಒಂದು ಲೋಟ ನೀರು ಇಸಿದುಕೊಂಡು ಕುಡಿದಳು. ಹೆರಿಗೆ ಕೋಣೆಯೊಳಗೆ ಜೊತೆಗೆ ಒಬ್ಬರನ್ನೇ ಬಿಡುತ್ತಾರಂತೆ. “ಅವರು ಬೇಡ. ನೀವು ಬನ್ನಿ ಅಕ್ಕಾ” ಅಂದಳು.