ನೆರಳಿನ ಗಿಡಕ್ಕೆ ಬಿಸಿಲು ಮಂಜೂರಾದ ಬಗ್ಗೆ

ಮರ ಕಡಿಸಿ ನೆರಳಿನ ಗಿಡವನ್ನು ಸಂರಕ್ಷಿಸಿದ ಮಾನ್ಯ ಜಿಲ್ಲಾ ಅರಣ್ಯಾಧಿಕಾರಿಗಳೇ,

ನಮ್ಮ ಉಸಂಬರಾ ಬೆಟ್ಟದ ಕಾಡು ವಯೊಲೆಟ್ ಗಿಡ ಸಾಯುತ್ತಿದೆ. ಕೊಂದವರು ಕಳ್ಳರಲ್ಲ, ಏಲಕ್ಕಿಗಾಗಿ ಕಾಡು ಸವರುವ ನಮ್ಮವರೂ ಅಲ್ಲ. ಅದನ್ನು ಉಳಿಸಲೆಂದೇ ಬಂದ ತಮ್ಮ ಕಚೇರಿ. ಬಂಡೆಯ ನೆತ್ತಿಯಲ್ಲಿದ್ದ ಮ್ತಂಬಾರಾ ಮರದ ಕೊಂಬೆ ಪ್ರವಾಸಿಗರ ತಲೆಯ ಮೇಲೆ ಬಿದ್ದೀತೆಂದು ತಾವು ಮರವನ್ನೇ ಉರುಳಿಸಿದಿರಿ. ಈಗ ಪ್ರವಾಸಿಗರ ತಲೆ ಸುರಕ್ಷಿತ. ಅವರು ನೋಡಲು ಬರಬೇಕಾದ ಗಿಡ ಮಾತ್ರ ಇಲ್ಲ.

ನಾನು ಹಳ್ಳಿಯ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವನು. ಅಧಿಕಾರಿಗಳಿಗೆ ಪಾಠ ಹೇಳುವ ಉದ್ಧಟತನವನ್ನು ಕ್ಷಮಿಸಿ. ಈ ಗಿಡಕ್ಕೆ ಕಾಂಡ ಇದ್ದೂ ಇಲ್ಲದಂತೆ. ಎಲೆಗಳೆಲ್ಲ ಬುಡದಿಂದಲೇ ಸುತ್ತ ಹರಡಿ ಬಂಡೆಗೆ ಅಂಟಿಕೊಂಡಿರುತ್ತವೆ. ಎಲೆ ದಪ್ಪ, ರಸಭರಿತ, ಮೈತುಂಬ ನವಿರು ರೋಮ. ಬೇರಿಗೆ ಆಸರೆ ಬಂಡೆಯ ಸಂದಿನ ತೆಳು ಪಾಚಿ, ಅಷ್ಟೇ. ನೇರಳೆ ಹೂವಿನ ನಡುವೆ ಎರಡು ಹಳದಿ ಪರಾಗಕೋಶಗಳು. ದುಂಬಿಯೊಂದು ಬಂದು ಝೇಂಕರಿಸಿ ಅಲುಗಾಡಿಸಿದರೆ ಪರಾಗ ಉದುರುತ್ತದೆ. ಪರಾಗ ಪಡೆಯುವ ಸಣ್ಣ ದಂಟು, ಶಲಾಕೆ, ಒಂದು ಹೂವಿನಲ್ಲಿ ಎಡಕ್ಕೆ ಬಾಗಿದರೆ ಇನ್ನೊಂದರಲ್ಲಿ ಬಲಕ್ಕೆ. ಇಷ್ಟು ಅಚ್ಚುಕಟ್ಟಾದ ಜೀವ ನಮ್ಮಿಂದ ಕೇಳಿದ್ದು ನೆರಳೊಂದನ್ನೇ. "ಊರೂರಲ್ಲೂ ಜನ ಇದನ್ನ ಕುಂಡದಲ್ಲಿ ಬೆಳೀತಾರಲ್ರೀ, ಅಷ್ಟ್ಯಾಕೆ ಗಾಬರಿ?" ಎಂದು ತಮ್ಮ ಸಿಬ್ಬಂದಿ ನಕ್ಕರು. ಮನೆಮನೆಯಲ್ಲೂ ಬೆಕ್ಕಿದೆ ಎಂದು ಕಾಡಿನ ಚಿರತೆಯನ್ನು ಹೊಡೆಯಬಹುದೇ, ಸ್ವಾಮೀ?

ಮರ ಕಡಿಯಲು ಊರವರ ಒಪ್ಪಿಗೆ ಇತ್ತೆಂದು ತಾವು ಹೇಳಿಕೆ ಕೊಟ್ಟಿದ್ದೀರಿ. ಆ ಒಪ್ಪಿಗೆಯ ಕಥೆಯನ್ನೂ ಜನ ಕೇಳಲಿ. ವರ್ಷಕ್ಕೊಮ್ಮೆ ನಾವು ಕುಲದವರೆಲ್ಲ ಆ ಬಂಡೆಯ ಬುಡದಲ್ಲಿ ಹಿರಿಯರಿಗೆ ಕಬ್ಬಿನ ಹೆಂಡ ಎರೆಯುತ್ತೇವೆ. ಎರೆದ ಮೇಲೆ ಕೆಳಗಿನ ತೊರೆ ದಾಟುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಆ ಹೊತ್ತು ಮಾತಾಡುವ ಹಕ್ಕು ಸತ್ತವರದು. ಕಳೆದ ವರ್ಷ ತಾವು ಬಂದದ್ದು ಸರಿಯಾಗಿ ಆಗಲೇ. "ಈ ಮರ ತೆಗೆಸ್ತೀವಿ. ಯಾರದ್ದಾದ್ರೂ ತಕರಾರಿದ್ಯಾ?" ಎಂದಿರಿ. ನಾವೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಒಬ್ಬರ ಮುಖ ಒಬ್ಬರು ನೋಡಿದೆವು. ಹೆಂಡ ಎರೆದ ಹಿರಿಯಳು, ನನ್ನ ಸೋದರತ್ತೆ ಮ್ವಾಂಟುಮು, ಬೇಡ ಬೇಡವೆಂದು ಎರಡೂ ಕೈ ಜೋರಾಗಿ ಆಡಿಸಿದಳು. ತಾವೂ ನಗುತ್ತ ಕೈಬೀಸಿ ಜೀಪು ಹತ್ತಿದಿರಿ.

ತೊರೆ ದಾಟಿದ್ದೇ ತಡ, ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟರು. "ಅಯ್ಯೋ ಮೇಷ್ಟ್ರೇ, ನಿಂತ್ಕೊಂಡು ಏನ್ ನೋಡ್ತೀರಿ, ಓಡ್ರೀ!" ಎಂದು ನೆರೆಮನೆಯ ಶೆಹೋಜಾ ನನ್ನನ್ನು ತಳ್ಳಿದ. ಓಡಿದೆ, ಸಿಕ್ಕಿದ್ದು ಧೂಳು. ಮರುದಿನ ಕಚೇರಿಗೆ ಬಂದರೆ ತಮ್ಮ ಸಿಬ್ಬಂದಿ, "ಕೇಳ್ದಾಗ ಗುಮ್ಮನಂಗೆ ಕೂತಿದ್ದು ಈಗೇನ್ರೀ ನಿಮ್ದು? ಮೌನ ಅಂದ್ರೆ ಸಮ್ಮತಿ ಅಲ್ವಾ?" ಎಂದರು. ಸತ್ತವರಿಗೆಂದು ನಾವು ಕೊಟ್ಟ ಮೌನವನ್ನು ತಾವು ಹೀಗೆ ತಮ್ಮ ಲೆಕ್ಕಕ್ಕೆ ಬರೆದುಕೊಂಡಿರಿ.

ಮರ ಬಿತ್ತು, ಬಿಸಿಲು ಇಳಿಯಿತು. ಪಾಚಿ ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು. ಎಲೆಗಳು ಕಾವಲಿಯ ಮೇಲೆ ಮರೆತ ಚಪಾತಿಯ ಹಾಗೆ ಸುಟ್ಟವು. ಆಗ ತಮ್ಮವರು ಬಕೆಟ್ಟುಗಟ್ಟಲೆ ನೀರು ಸುರಿದರು. ಸುಡದೆ ಉಳಿದವು ಕೊಳೆತವು. ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚು.

ಈ ವರ್ಷವೂ ಹೆಂಡ ಎರೆಯಲು ಹೋದೆವು. ಜೀವಮಾನವಿಡೀ ಆ ಮೌನವನ್ನು ಕಾದ ಅತ್ತೆ ಬಂಡೆಯ ಮುಂದೆಯೇ ಗಟ್ಟಿಯಾಗಿ ಅಂದಳು: "ಮಾತಾಡ್ರೋ. ಹಿರೀಕರು ಈ ಬಿಸ್ಲಲ್ಲಿ ಇನ್ನೂ ಕೂತಿರ್ತಾರಾ? ಯಾರಿಗೋಸ್ಕರ ಬಾಯಿ ಮುಚ್ಕೊಂಡಿದೀರಿ?" ಮನೆಗೆ ಬಂದವನೇ ಈ ಪತ್ರ ಬರೆಯಲು ಕುಳಿತೆ.

ಬಂಡೆಯ ಉತ್ತರದ ಸೀಳಿನಲ್ಲಿ ಇನ್ನೂ ಕೆಲವು ಗಿಡಗಳಿವೆ. ಅವಕ್ಕೆ ನೆರಳು ಕೊಡುತ್ತಿರುವ ಮರಕ್ಕೂ ತಮ್ಮವರು ಕೆಂಪು ಬಣ್ಣದ ಗುರುತು ಹಾಕಿದ್ದಾರೆ. ಅದನ್ನು ಕಡಿಯಬೇಡಿ. ಬೋರ್ಡು, ಬೇಲಿ, ಬಕೆಟ್ಟು ಒಂದೂ ಬೇಡ. ದಯವಿಟ್ಟು ಆ ಗಿಡಗಳನ್ನು ರಕ್ಷಿಸಬೇಡಿ. ತಾವು ಕೇಳುವಿರೆಂಬ ನಂಬಿಕೆ ನನಗಿಲ್ಲ. ಆ ಮರವೂ ಬೀಳುತ್ತದೆ. ಆದರೆ ಈ ಸಲ ಯಾರದೂ ತಕರಾರಿರಲಿಲ್ಲ ಎಂದು ಮಾತ್ರ ಹೇಳಬೇಡಿ.

ಇಂತಿ,
ಬಾಯಿ ಬಿಟ್ಟರೂ ತಡವಾಗಿ ಬಿಟ್ಟ,
ಹಸ್ಸಾನಿ ಶೆಲುಕಿಂಡೊ
ಇನ್ನು ಮುಂದೆ ಈ ಗಿಡವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಬೇಕಾದ ಮೇಷ್ಟ್ರು