ಕುದಿಸಿದರೆ ಸಮುದ್ರ ಸಿಹಿಯಾಗುವುದೆ?

ನಮ್ಮ ಬಡಾವಣೆಯ ನೀರು ಸರಬರಾಜು ನೋಡಿಕೊಳ್ಳುವ ಎಂಜಿನಿಯರ್ ಸಾಹೇಬರಿಗೆ,

ಮಾನ್ಯರೇ, ನಿಮ್ಮ ಕಚೇರಿಯ ಜವಾನ ಹನುಮಯ್ಯನವರ ಮಂಡಿನೋವು ಹೇಗಿದೆ? ಟೈಪಿಸ್ಟ್ ಕೋಕಿಲಾ ಅವರ ಕೆಮ್ಮು ಇಳಿಯಿತೆ? ನಿಮ್ಮನ್ನು ಕಾಣಲು ಬಂದು ಬಂದು ಬೆಂಚಿನ ಮೇಲೆ ಕೂತದ್ದರಲ್ಲಿ ಅವರೇ ನನಗೆ ನೆಂಟರಾಗಿಬಿಟ್ಟರು. ನಿಮ್ಮ ಕ್ಷೇಮ ಕೇಳೋಣವೆಂದರೆ ಮುಖ ಕಂಡದ್ದು ಒಂದೇ ಸಲ. ನನ್ನ ಮನೆಯಾಕೆ ಕಲ್ಯಾಣಮ್ಮ ಮಾತ್ರ ಕ್ಷೇಮವಾಗಿಲ್ಲ. ಅದಕ್ಕೆ ಕಾರಣ ನಿಮ್ಮ ನೋಟೀಸು.

ಕುರುಬರಹಳ್ಳಿಯ ನಮ್ಮ ಬೀದಿಯ ಬೋರ್‌ವೆಲ್ ನೀರು ಉಪ್ಪು. ಅದನ್ನು ಹೇಳಲು ಬಂದಾಗ ನೀವು ಕಡತದಿಂದ ತಲೆ ಎತ್ತದೆ, "ಸಮುದ್ರದ ನೀರೂ ಉಪ್ಪೇ ಅಲ್ವೇನ್ರೀ ಯಜಮಾನ್ರೇ, ಕುದಿಸಿ ಕುಡೀರಿ" ಅಂದಿರಿ. ಮರುವಾರ ಬೋರ್‌ವೆಲ್ ಪಕ್ಕದ ಕಂಬಕ್ಕೆ ಹಾಳೆ ಅಂಟಿತು: ನೀರನ್ನು ಚೆನ್ನಾಗಿ ಕುದಿಸಿ ಉಪಯೋಗಿಸತಕ್ಕದ್ದು. ನಮ್ಮ ಮನೆಗಳಲ್ಲಿ ಚೆನ್ನಾಗಿ ಕುದಿಸುವುದೆಂದರೆ ಕಷಾಯದ ಲೆಕ್ಕ, ನಾಲ್ಕು ಪಾಲು ಒಂದು ಪಾಲಿಗೆ ಇಳಿಯಬೇಕು. ಕಾಲು ಬಾತುಕೊಂಡಿದ್ದರಿಂದ ಕಲ್ಯಾಣಮ್ಮನಿಗೆ ಡಾಕ್ಟರು ಉಪ್ಪು ಬಿಡಿಸಿದ್ದರು. ನಾನಾಗ ದಾವಣಗೆರೆಯಲ್ಲಿದ್ದೆ. ಅವಳ ತಂಗಿ ಶಿವಕ್ಕ, ಸರ್ಕಾರದ ಮಾತಲ್ಲವೆ ಎಂದು, ಅಕ್ಕನಿಗೆಂದೇ ಬೇರೆ ತಪ್ಪಲೆಯಲ್ಲಿ ನೀರು ಇಳಿಸಿ ಇಳಿಸಿ ಕೊಟ್ಟಳು. "ಇದೇನೇ ಶಿವೀ, ಕಣ್ಣೀರು ಕುಡ್ದ ಹಾಗಿದೆ" ಅಂದರೆ, "ಔಷಧಿ ಅಂದ್ಕೊಂಡು ಕುಡಿ ಅಕ್ಕ, ಎಂಜಿನಿಯರ್ರೇ ಬರ್ದಿದಾರೆ" ಅಂದಳಂತೆ. ಊತ ಮೊಣಕಾಲು ದಾಟಿತು. ಈಗ ಆಸ್ಪತ್ರೆಯಲ್ಲಿದ್ದಾಳೆ.

ಸ್ವಾಮಿ, ನಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ, ಲೈಬ್ರರಿಯ ಪುಸ್ತಕ ಓದಿ ತಿಳಿದವನು. ಸಮುದ್ರದ ಹೆಸರನ್ನು ನೀವೇ ಎತ್ತಿದ್ದರಿಂದ ಅದರ ಮಾತೇ ಆಡೋಣ. ಅದರಲ್ಲಿ ಕರಗಿರುವುದನ್ನು ನೂರು ಪಾಲು ಮಾಡಿದರೆ ಐವತ್ತೈದು ಕ್ಲೋರೈಡು, ಮೂವತ್ತು ಚಿಲ್ಲರೆ ಸೋಡಿಯಂ. ಉಳಿದದ್ದು ಹೆಚ್ಚಾಗಿ ಸಲ್ಫೇಟು, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ. ಇವಕ್ಕೆ ಅಯಾನುಗಳೆಂದು ಹೆಸರು. ಒಲೆ ಹಚ್ಚಿದರೆ ಹಬೆಯಾಗಿ ಹೋಗುವುದು ನೀರು, ಇವು ಕದಲುವುದಿಲ್ಲ. ಕರಾವಳಿಯವರು ಸಮುದ್ರದ ನೀರನ್ನು ಬಿಸಿಲಿಗೆ ಒಣಗಿಸುವುದು ಉಪ್ಪು ಉಳಿಯಲಿ ಎಂದೇ ತಾನೆ? ಕುದಿಸಿದರೆ ಹುಳ ಸಾಯುತ್ತದೆ, ಉಪ್ಪು ಸಾಯುವುದಿಲ್ಲ. ಇದು ನಿಮಗೆ ಗೊತ್ತಿರಲಿಲ್ಲವೆ, ಗೊತ್ತಿದ್ದೂ ಹಾಳೆ ಅಂಟಿಸಿದಿರೆ? ಎರಡರಲ್ಲಿ ಯಾವುದನ್ನು ನಂಬಿದರೆ ನಿಮಗೆ ಮರ್ಯಾದೆ? ನಡುಗಡಲಿನಲ್ಲಿ ಎಲ್ಲಿ ಮೊಗೆದರೂ ಈ ಪಾಲು ಬದಲಾಗುವುದಿಲ್ಲವಂತೆ. ಸಮುದ್ರಕ್ಕಿರುವ ಆ ನಿಯತ್ತು ನಿಮ್ಮ ಕಚೇರಿಗಿಲ್ಲ. ಅಲ್ಲಿ ಮೇಜಿಗೊಂದು ಉತ್ತರ.

ಆ ನೋಟೀಸನ್ನು ಇಂದೇ ಕೀಳಿಸಿ. ನಮ್ಮ ನೀರನ್ನು ಪರೀಕ್ಷೆ ಮಾಡಿಸಿ, ಅದರಲ್ಲಿ ಏನು ಎಷ್ಟಿದೆ ಎಂದು ಅದೇ ಕಂಬಕ್ಕೆ ಅಂಟಿಸಿ. ಅಲ್ಲಿಯವರೆಗೆ ಲಾರಿಯಲ್ಲಿ ಹೊಳೆನೀರು ಕಳಿಸಿ. ಕಲ್ಯಾಣಮ್ಮನನ್ನು ಮನೆಗೆ ಕಳಿಸಲು ಡಾಕ್ಟರು ಸಿದ್ಧರಿದ್ದಾರೆ. "ಮನೇಲಿ ಯಾವ ನೀರು ಕೊಡ್ತೀರಿ?" ಎಂದು ಕೇಳಿದರು. ಅದಕ್ಕೆ ಉತ್ತರ ನೀವೇ ಬೇಗ ಬರೆಯಿರಿ. ಅದು ಬರುವವರೆಗೆ ಅವಳು ಅಲ್ಲೇ ಇರುತ್ತಾಳೆ.

ಇಂತಿ,
ನಿಮ್ಮ ಬೆಂಚಿನ ಖಾಯಂ ನೆಂಟ,
ಶಿವಬಸಪ್ಪ